ಬಾಳೆಯೆಲೆ: ಮಡಿಯಿಂದ ಮದ್ದಿನವರೆಗೆ

ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯ ಮದುವೆಯ ಪಂಕ್ತಿಯಲ್ಲಿ ನೀರು ಹಿಡಿದು ಬಂದವರು ಒಂದು ಸಾಲಿಗೆ ‘ಎಲೆ ತೊಳೆದುಕೊಳ್ಳಿರಿ’ ಎನ್ನುತ್ತಾರೆ. ಎದುರಿನ ಸಾಲಿಗೆ ‘ಆಕು ಕಡುಕ್ಕೋಂಡಿ’ ಎನ್ನುತ್ತಾರೆ. ಎರಡು ಭಾಷೆಗಳಲ್ಲಿ ಕೇಳಿದವರೂ ಒಂದೇ ರೀತಿಯಲ್ಲಿ ಬಲಗೈಯಿಂದ ನೀರು ಚಿಮುಕಿಸಿ, ಅಂಗೈಯಿಂದ ಎಲೆಯನ್ನು ಸವರಿ, ನೀರನ್ನು ಅಂಚಿಗೆ ಸರಿಸುತ್ತಾರೆ. ಬಾಳೆಯೆಲೆ ಶುದ್ಧವಾದುದು, ಅದರ ಮೇಲೆ ಉಣ್ಣುವುದು ಮಡಿ ಎಂಬ ಭಾವನೆ ನಮ್ಮ ಹಿರಿಯರಲ್ಲಿತ್ತು. ಈಚಿನ ವರ್ಷಗಳಲ್ಲಿ ಆ ಭಾವನೆ ಹೊಸ ಉಡುಪು ತೊಟ್ಟಿದೆ. ಬಾಳೆಯೆಲೆ ರೋಗಾಣುಗಳನ್ನು ಕೊಲ್ಲುತ್ತದೆ, ಬಿಸಿ ಅನ್ನ ಬಿದ್ದೊಡನೆ ಎಲೆಯಲ್ಲಿರುವ ಔಷಧ ಕರಗಿ ಅನ್ನಕ್ಕೆ ಇಳಿಯುತ್ತದೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಈ ಮಾತಿನಲ್ಲಿ ಎಷ್ಟು ಇತಿಹಾಸ, ಎಷ್ಟು ವಿಜ್ಞಾನ, ಎಷ್ಟು ಅಭಿಮಾನ ಎಂಬುದನ್ನು ಬೇರ್ಪಡಿಸಿ ನೋಡುವುದು ಈ ಲೇಖನದ ಉದ್ದೇಶ. ಅಭಿಮಾನವನ್ನು ಕಳೆದುಕೊಳ್ಳಬೇಕೆಂದು ಯಾರೂ ಭಯಪಡಬೇಕಾಗಿಲ್ಲ. ಸತ್ಯ ಸಂಗತಿಯಲ್ಲಿಯೇ ಅಭಿಮಾನಕ್ಕೆ ಬೇಕಾದಷ್ಟು ಎಡೆಯಿದೆ.

ಮೊದಲಿಗೆ ನಮ್ಮ ನೆಲದ ಬಗ್ಗೆ ಒಂದು ಮಾತು. ಇದು ಕೃಷ್ಣೆ ತುಂಗಭದ್ರೆಯರ ನಾಡು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ನದಿಯ ನೀರು ಹೊಲಕ್ಕೆ ಹತ್ತಿದ್ದು ತೀರ ಈಚೆಗೆ. ರಾಜೋಳಿಬಂಡಾ ಕಾಲುವೆ ಗದ್ವಾಲ ಆಲಂಪುರಗಳ ಕಡೆಗೆ ತುಂಗಭದ್ರೆಯ ನೀರನ್ನು ತಂದದ್ದು ಸ್ವಾತಂತ್ರ್ಯದ ಆಸುಪಾಸಿನ ಯೋಜನೆಯಿಂದ. ಕೃಷ್ಣೆಯ ಮೇಲಿನ ಜುರಾಲಾ ಅಣೆಕಟ್ಟು 1990ರ ದಶಕದ್ದು. ಅದಕ್ಕೂ ಮುಂಚೆ ಪಾಲಮೂರು ಎಂದರೆ ಬರದ ನಾಡು, ವಲಸೆಯ ನಾಡು ಎಂದೇ ಹೆಸರು. ಜೋಳ, ಸಜ್ಜೆ, ನವಣೆ, ತೊಗರಿ ಇಲ್ಲಿನ ಬೆಳೆ. ಜೋಳದ ರೊಟ್ಟಿಗೆ ಎಲೆ ಬೇಡ. ಕೈಯೇ ಸಾಕು, ಹೆಚ್ಚೆಂದರೆ ಒಂದು ಗಂಗಾಳ. ಎಲೆಯ ಅಗತ್ಯ ಬೀಳುವುದು ಅನ್ನ ಸಾರಿಗೆ, ಹಬ್ಬದ ಹೋಳಿಗೆ ಕಟ್ಟಿನ ಸಾರಿಗೆ. ಅನ್ನವೇ ಹಬ್ಬದ ಊಟವಾಗಿದ್ದ ಕಾಲದಲ್ಲಿ ಎಲೆಯೂ ಹಬ್ಬದ ವಸ್ತುವಾಗಿತ್ತು.

ಆ ಎಲೆ ಕೂಡ ಬಹುಪಾಲು ಬಾಳೆಯದಾಗಿರಲಿಲ್ಲ. ಮುತ್ತುಗದ್ದು, ನಮ್ಮ ಕಡೆಯ ಬಾಯಲ್ಲಿ ಮುತ್ತಲದ್ದು, ತೆಲುಗಿನಲ್ಲಿ ಮೋದುಗ. ಒಣಭೂಮಿಯ ಗುಡ್ಡದ ಅಂಚಿನಲ್ಲಿ ನೀರು ಕೇಳದೆ ಬೆಳೆಯುವ ಮರ ಅದು. ಬೇಸಿಗೆಯಲ್ಲಿ ಎಲೆ ಕಿತ್ತು, ಸಣ್ಣ ಕಡ್ಡಿಗಳಿಂದ ಚುಚ್ಚಿ ಜೋಡಿಸಿ, ಪತ್ರಾವಳಿ ಮಾಡಿ, ಕಟ್ಟು ಕಟ್ಟಿ ಅಟ್ಟದ ಮೇಲೆ ಇಟ್ಟರೆ ವರ್ಷಗಟ್ಟಲೆ ಬಾಳಿಕೆ. ತೆಲುಗಿನಲ್ಲಿ ವಿಸ್ತರಿ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಬಾಳೆಯಾದರೋ ಬಾವಿಯ ಪಕ್ಕದ ಗಿಡ, ಬಚ್ಚಲ ನೀರು ಹರಿಯುವ ಹಿತ್ತಲಿನ ಗಿಡ, ಗುಡಿಯ ತೋಟದ ಗಿಡ. ನಮ್ಮ ಭಾಗದ ಶಾಸನಗಳಲ್ಲಿ ದೇವರಿಗೆ ದತ್ತಿ ಬಿಟ್ಟ ತೋಂಟಗಳ ಮಾತು ಬರುವಾಗಲೆಲ್ಲ, ಇಂಥ ಒಣನೆಲದಲ್ಲಿ ನೀರುಂಡ ಒಂದು ತುಂಡು ಭೂಮಿಗೆ ಇದ್ದ ಬೆಲೆಯನ್ನು ನೆನೆಯಬೇಕು. ಕರಾವಳಿಯವರು, ಮಲೆನಾಡಿನವರು ಬಾಳೆಯೆಲೆಯನ್ನು ದಿನನಿತ್ಯದ ವಸ್ತುವೆಂಬಂತೆ ವರ್ಣಿಸಿ ಬರೆದದ್ದನ್ನು ಓದಿ, ನಮ್ಮಲ್ಲೂ ಹಾಗೆಯೇ ಇತ್ತೆಂದು ಹೇಳುವ ಅಭ್ಯಾಸ ನಮಗೆ ಬಂದಿದೆ. ಹಾಗಿರಲಿಲ್ಲ. ವಿರಳವಾಗಿದ್ದುದರಿಂದಲೇ ಇಲ್ಲಿ ಅದಕ್ಕೆ ಗೌರವ ಹೆಚ್ಚು.

ಗೌರವದ ಗುರುತುಗಳು ಹಲವು. ಹಳಗನ್ನಡದಲ್ಲಿ ಇದು ಬಾೞೆ; ತಮಿಳಿನ ವಾೞೈ, ಮಲಯಾಳದ ವಾೞ ಇದರ ಒಡಹುಟ್ಟುಗಳು. ತೆಲುಗು ಮಾತ್ರ ಅರಟಿ ಎಂಬ ಬೇರೆ ಹೆಸರನ್ನು ಇರಿಸಿಕೊಂಡಿದೆ. ಆದ್ದರಿಂದ ನಮ್ಮ ಮನೆಗಳ ಮಕ್ಕಳು ಒಂದೇ ಹಣ್ಣಿಗೆ ಎರಡು ಸಂಬಂಧವಿಲ್ಲದ ಹೆಸರುಗಳನ್ನು ತೊದಲುನುಡಿಯಲ್ಲಿಯೇ ಕಲಿಯುತ್ತಾರೆ. ಸಂಸ್ಕೃತದ ಕದಳಿ ಎರಡೂ ಭಾಷೆಗಳಿಗೆ ಸಮಾನ. ಆ ಕದಳಿಯ ಹೆಸರಿನಲ್ಲಿಯೇ ನಮ್ಮ ನಾಡಿನ ಅತ್ಯಂತ ದೊಡ್ಡ ನೆನಪೊಂದು ನಿಂತಿದೆ. 12ನೆಯ ಶತಮಾನದ ಅಕ್ಕಮಹಾದೇವಿ ಕಲ್ಯಾಣದಿಂದ ಹೊರಟು ಶ್ರೀಶೈಲದ ಕದಳೀವನದಲ್ಲಿ ಐಕ್ಯವಾದಳೆಂಬುದು ಪರಂಪರೆಯ ನಂಬಿಕೆ. ಗದ್ವಾಲಕ್ಕೆ ಸಮೀಪದ ಆಲಂಪುರವನ್ನು ಶ್ರೀಶೈಲದ ಪಶ್ಚಿಮ ದ್ವಾರವೆಂದು ಕರೆಯುತ್ತಾರೆ. ಕನ್ನಡ ನಾಡಿನಿಂದ ಮಲ್ಲಿಕಾರ್ಜುನನ ದರ್ಶನಕ್ಕೆ ನಡೆದ ಎಷ್ಟೋ ತಲೆಮಾರುಗಳ ಯಾತ್ರಿಕರ ದಾರಿ ನಮ್ಮ ಸೀಮೆಯನ್ನು ಹಾದಿದೆ. ವಚನಕಾರರಿಗೆ ಕದಳಿ ಒಂದು ಗಿಡಕ್ಕಿಂತ ಹೆಚ್ಚಿನದು, ದೇಹಕ್ಕೂ ಬಾಳಿಗೂ ಅವರು ಅದನ್ನು ಸಂಕೇತ ಮಾಡಿಕೊಂಡರು. ಒಮ್ಮೆ ಗೊನೆ ಕೊಟ್ಟು ತಾನು ಅಳಿದು ಬುಡದಲ್ಲಿ ಕಂದುಗಳನ್ನು ಉಳಿಸಿ ಹೋಗುವ ಗಿಡವನ್ನು ಕಂಡವರಿಗೆ ಆ ಸಂಕೇತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾವ್ಯವನ್ನು ಬಿಟ್ಟು ಶಾಸ್ತ್ರಗ್ರಂಥಗಳ ಕಡೆಗೆ ಬಂದರೆ, ಕನ್ನಡಕ್ಕೆ ಅಲ್ಲಿಯೂ ಹಳೆಯ ಸಂಪತ್ತಿದೆ. ಕಲ್ಯಾಣದ ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ‘ಲೋಕೋಪಕಾರ’ವನ್ನು ಬರೆದ. ನೀರು ಹುಡುಕುವುದು, ಗಿಡಗಳ ಆರೈಕೆ, ಅಡುಗೆ, ಚಿಕಿತ್ಸೆ ಎಲ್ಲವನ್ನೂ ಒಂದೇ ಹೊತ್ತಗೆಯಲ್ಲಿ ತಂದ ಗ್ರಂಥ ಅದು. ಅಂದು ನಮ್ಮ ಸೀಮೆಯೂ ಚಾಳುಕ್ಯರ ಆಳ್ವಿಕೆಗೆ ಸೇರಿತ್ತು. ಮುಂದೆ 1508ರ ಸುಮಾರಿಗೆ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನೇ ಬರೆದು, ಬಾಳೆಯಿಂದ ಮಾಡುವ ಅಡುಗೆಗಳಿಗೂ ಅದರಲ್ಲಿ ಎಡೆ ಕೊಟ್ಟ. ಅಡುಗೆಯ ಮನೆಗೂ ಔಷಧದ ಮನೆಗೂ ನಡುವೆ ಗೋಡೆ ಕಟ್ಟದೆ ಬರೆದ ಕಾಲ ಅದು.

ಹೊರಗಿನವರೂ ಈ ಗಿಡವನ್ನು ಬೆರಗಿನಿಂದ ನೋಡಿದ್ದಾರೆ. ಮೊದಲನೆಯ ಶತಮಾನದ ರೋಮಿನ ಪ್ಲಿನಿ, ಭಾರತದ ಜ್ಞಾನಿಗಳು ತಿಂದು ಬದುಕುವ ಹಣ್ಣಿನ ಮರವೊಂದನ್ನು ವರ್ಣಿಸಿ, ಅದರ ಎಲೆ ಹಕ್ಕಿಯ ರೆಕ್ಕೆಯಂತೆ ಎಂದ. ಅದು ಬಾಳೆಯೇ ಎಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಲಿನೇಯಸ್ ಈ ಗಿಡಕ್ಕೆ ಹೆಸರಿಡುವಾಗ ಒಂದು ಬಗೆಗೆ ಸ್ವರ್ಗದ ಹೆಸರನ್ನೂ ಇನ್ನೊಂದಕ್ಕೆ ಜ್ಞಾನಿಗಳ ಹೆಸರನ್ನೂ ಕೊಟ್ಟ: ಮ್ಯೂಸಾ ಪ್ಯಾರಡಿಸಿಯಾಕಾ, ಮ್ಯೂಸಾ ಸೇಪಿಯೆಂಟಮ್. 17ನೆಯ ಶತಮಾನದ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ನ ಮೊದಲ ಸಂಪುಟದಲ್ಲಿ ಬಾಳೆ ‘ಬಾಲ’ ಎಂಬ ಹೆಸರಿನಲ್ಲಿಯೇ ಚಿತ್ರಗಳ ಸಮೇತ ಕುಳಿತಿದೆ.

ಆದರೆ ನಮ್ಮ ವಿಷಯಕ್ಕೆ ಹೆಚ್ಚು ಬೆಳಕು ಕೊಡುವುದು 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ ಮಲಬಾರಿನಲ್ಲಿ ಕಂಡ ಒಂದು ರೂಢಿ. ಅಲ್ಲಿನ ಹಿಂದೂಗಳು ಮುಸ್ಲಿಮ್ ಪ್ರಯಾಣಿಕರಿಗೆ ತಮ್ಮ ಪಾತ್ರೆಗಳಲ್ಲಿ ಊಟ ಕೊಡುತ್ತಿರಲಿಲ್ಲ. ಬಾಳೆಯೆಲೆಯ ಮೇಲೆ ಅನ್ನ ಹಾಕಿ ಸಾರು ಸುರಿಯುತ್ತಿದ್ದರು. ಓದುವಾಗ ಮನಸ್ಸಿಗೆ ಹಿತವಾಗುವ ಸಂಗತಿ ಇದಲ್ಲ. ಮಡಿ ಎಂಬ ಮಾತಿಗೆ ಎರಡು ಮುಖಗಳಿದ್ದವು. ಒಂದು ಶುಚಿ, ಮತ್ತೊಂದು ಮನುಷ್ಯರ ನಡುವಿನ ಅಂತರ. ಎಲೆ ಎರಡಕ್ಕೂ ದುಡಿಯಿತು. ನಮ್ಮ ಊರುಗಳಲ್ಲಿಯೂ ಪಂಕ್ತಿಭೇದವಿತ್ತು, ಯಾರಿಗೆ ಗಂಗಾಳ, ಯಾರಿಗೆ ಎಲೆ, ಯಾರಿಗೆ ಅಂಗಳ ಎಂಬ ಲೆಕ್ಕವಿತ್ತು. ಬಾಳೆಯೆಲೆಯ ಇತಿಹಾಸವನ್ನು ಹೇಳುವಾಗ ಶುಚಿಯ ಮುಖವನ್ನಷ್ಟೇ ತೋರಿಸಿ ಈ ಮುಖವನ್ನು ಮುಚ್ಚುವುದು ನ್ಯಾಯವಲ್ಲ. ಆದರೂ ಆ ರೂಢಿಯೊಳಗೆ ಅಡಗಿದ್ದ ಒಂದು ನಡೆವಳಿಕೆಯ ವಿವೇಕವನ್ನು ಗಮನಿಸಬಹುದು. ಒಬ್ಬರು ಉಂಡ ಪಾತ್ರೆಯ ಎಂಜಲು ಮತ್ತೊಬ್ಬರ ಬಾಯಿಗೆ ತಲುಪದಿರಲು, ಒಮ್ಮೆ ಬಳಸಿ ಎಸೆಯುವ ಹಸಿರು ತಟ್ಟೆಗಿಂತ ಸುಲಭವಾದ ಉಪಾಯವಿಲ್ಲ. ನೀರಿಗೆ ಬರ, ಪಾತ್ರೆ ತೊಳೆಯಲು ಕೆರೆಯ ಕೆಸರು ನೀರೇ ಗತಿಯಾಗಿದ್ದ ಜಾತ್ರೆ ಸಂತರ್ಪಣೆಗಳಲ್ಲಿ ಈ ಉಪಾಯ ಎಷ್ಟು ಹೊಟ್ಟೆಗಳನ್ನು ಕಾಪಾಡಿತೋ ಲೆಕ್ಕವಿಟ್ಟವರಿಲ್ಲ. ಇಲ್ಲಿ ಎಲೆ ರೋಗಾಣುವನ್ನು ಕೊಲ್ಲಬೇಕಾಗಿಯೇ ಇರಲಿಲ್ಲ. ಪ್ರತಿ ಸಲವೂ ಹೊಸದಾಗಿದ್ದರೆ ಸಾಕಾಗಿತ್ತು. ಈ ಗುಣ ಮುತ್ತಲದ ಪತ್ರಾವಳಿಗೂ ಅಷ್ಟೇ ಸಲ್ಲುತ್ತದೆ.

ಬಾಳೆಯೆಲೆಗೆ ಮಾತ್ರವೇ ಸಲ್ಲುವ ಗುಣ ಬೇರೊಂದಿದೆ. ಅದು ಕಾಣುವುದು ಊಟದ ಪಂಕ್ತಿಯಲ್ಲಲ್ಲ, ಗಾಯದ ಹಾಸಿಗೆಯಲ್ಲಿ.

ಗಾಯಕ್ಕೆ ಎಲೆ ಹೊದಿಸುವುದು ನಮ್ಮ ವೈದ್ಯದಲ್ಲಿ ಬಲು ಹಳೆಯದು. ಸುಶ್ರುತಸಂಹಿತೆ ವ್ರಣಕ್ಕೆ ಹೇಳಿದ 60 ಉಪಕ್ರಮಗಳಲ್ಲಿ ಪತ್ರದಾನವೂ ಒಂದು; ದೋಷವನ್ನು ನೋಡಿ ಇಂಥ ವ್ರಣಕ್ಕೆ ಇಂಥ ಮರದ ಎಲೆ ಎಂದು ಅಲ್ಲಿ ವಿಂಗಡಣೆಯಿದೆ. ಶಾಸ್ತ್ರದ ಹೊರಗೆ, ಮನೆಮದ್ದಿನಲ್ಲಿ, ದಕ್ಷಿಣ ಭಾರತದ ತುಂಬ ಬಾಳೆಯೆಲೆಯದೇ ಮೇಲುಗೈ. ಮನೆಯಲ್ಲಿ ಅಮ್ಮ ಎದ್ದರೆ, ಎಂದರೆ ಸಿಡುಬೋ ಸೀತಾಳಸಿಡುಬೋ ಬಂದರೆ, ರೋಗಿಯನ್ನು ಬಾಳೆಯೆಲೆಯ ಮೇಲೆ ಮಲಗಿಸಿ ಬೇವಿನ ಸೊಪ್ಪಿನಿಂದ ಗಾಳಿ ಹಾಕುತ್ತಿದ್ದರು. ಮೈತುಂಬ ಗುಳ್ಳೆ ಒಡೆದ ಮಗುವನ್ನು ಕಂಬಳಿಯ ಮೇಲೆ ಮಲಗಿಸಿದರೆ ಏನಾಗುತ್ತದೆಂಬುದನ್ನು ಊಹಿಸಬಹುದು. ಒಣಗಿದ ಕೀವಿನೊಡನೆ ಬಟ್ಟೆ ಅಂಟಿ, ಬಿಡಿಸುವಾಗ ಚರ್ಮವೇ ಬರುತ್ತದೆ. ಎಲೆ ಅಂಟುವುದಿಲ್ಲ, ತಂಪಾಗಿರುತ್ತದೆ, ಹೊತ್ತಿಗೊಂದು ಬದಲಾಯಿಸಬಹುದು. 1977ರಲ್ಲಿ ಭಾರತ ಸಿಡುಬಿನಿಂದ ಮುಕ್ತವೆಂದು ಘೋಷಣೆಯಾಯಿತು. ಆ ಗೆಲುವು ಲಸಿಕೆಯದು, ಎಲೆಯದಲ್ಲ. ಎಲೆ ಮಾಡಿದ್ದು ನೋವನ್ನು ಕಡಿಮೆ ಮಾಡುವ ಕೆಲಸ. ರೋಗಿಯ ಪಾಲಿಗೆ ಅದು ಸಣ್ಣ ಕೆಲಸವೇನೂ ಅಲ್ಲ.

ಈ ಮನೆಮದ್ದನ್ನು ಬ್ರಿಟಿಷ್ ವೈದ್ಯರು ಕಣ್ಣಾರೆ ಕಂಡು ಕೈಗೆತ್ತಿಕೊಂಡರು. ತಿರುವಾಂಕೂರಿನಲ್ಲಿ ಕೆಲಸ ಮಾಡಿದ ಎಡ್ವರ್ಡ್ ಜಾನ್ ವೇರಿಂಗ್ 1868ರಲ್ಲಿ ‘ಫಾರ್ಮಕೋಪಿಯಾ ಆಫ್ ಇಂಡಿಯಾ’ವನ್ನು ಸಂಪಾದಿಸಿದ. ಬಜಾರಿನಲ್ಲಿ ಸಿಗುವ ಮದ್ದುಗಳ ಬಗ್ಗೆ ಆತ ಬರೆದ ಪುಟ್ಟ ಕೈಪಿಡಿಯೂ ಆ ಕಾಲದಲ್ಲಿ ಪ್ರಸಿದ್ಧವಾಗಿತ್ತು. ಅಂದಿನ ಚಿಕಿತ್ಸೆಯಲ್ಲಿ ಬೇಕೆಂದೇ ಚರ್ಮದ ಮೇಲೆ ಬೊಕ್ಕೆ ಎಬ್ಬಿಸುವ ಪದ್ಧತಿಯಿತ್ತು. ಹಾಗೆ ಸುಲಿದ ಜಾಗಕ್ಕೆ ಎಳೆಯ ಬಾಳೆಯೆಲೆಯನ್ನು ಅಳತೆಗೆ ಕತ್ತರಿಸಿ, ಎಣ್ಣೆ ಸವರಿ, ಕಟ್ಟಬೇಕೆಂದು ವೇರಿಂಗ್ ಹೇಳುತ್ತಾನೆ. ಮೊದಲ ನಾಲ್ಕೈದು ದಿನ ಎಲೆಯ ನುಣುಪಾದ ಮೇಲ್ಮೈ ಗಾಯದ ಕಡೆಗಿರಬೇಕು. ಆಮೇಲೆ ಗಾಯ ಮಾಯುವವರೆಗೆ ಕೆಳಮೈಯನ್ನು ತಿರುಗಿಸಿ ಹಾಕಬೇಕು. ವಿಲಾಯತಿಯಿಂದ ಬರುವ ದುಬಾರಿ ಪಟ್ಟಿಗಳಿಗೆ ಇದು ಒಳ್ಳೆಯ ಬದಲಿ ಎಂಬುದು ಅವನ ಮತ. ಯಾವ ಮೈ ಮೊದಲು, ಎಷ್ಟು ದಿನ ಎಂಬಷ್ಟು ಸೂಕ್ಷ್ಮವಾಗಿ ಒಬ್ಬ ವಿದೇಶಿ ವೈದ್ಯ ಬರೆದಿಟ್ಟಿರುವಾಗ, ಆ ಸೂಕ್ಷ್ಮ ಈ ನಾಡಿನ ಹೆಸರಿಲ್ಲದ ಅಜ್ಜಿಯರ ಕೈಗಳಿಂದ ಬಂದಿರಬೇಕೆಂದು ನನ್ನ ಊಹೆ.

ಈ ಕಥೆಯ ಮುಂದಿನ ಅಧ್ಯಾಯ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ನಡೆಯಿತು. ಮುಂಬಯಿ ನಮ್ಮ ಪಾಲಿಗೆ ದೂರದ ಊರಲ್ಲ. ಪಾಲಮೂರಿನ ಕೂಲಿಕಾರರು ಆ ನಗರದ ಕಟ್ಟಡಗಳಿಗೆ ಕಲ್ಲು ಮಣ್ಣು ಹೊತ್ತಿದ್ದಾರೆ. ಸ್ಟವ್ ಸಿಡಿದು, ಸೀಮೆಎಣ್ಣೆ ಹೊತ್ತಿಕೊಂಡು ಸುಟ್ಟುಕೊಂಡ ಬಡವರಿಂದಲೇ ತುಂಬಿದ ಸುಟ್ಟಗಾಯದ ವಾರ್ಡುಗಳಲ್ಲಿ ಪಟ್ಟಿ ಬದಲಿಸುವ ಹೊತ್ತೆಂದರೆ ನರಕ. ಗಾಯಕ್ಕೆ ಅಂಟಿದ ಬಟ್ಟೆಯನ್ನು ಎಳೆದಾಗ ಹೊಸದಾಗಿ ಹುಟ್ಟಿದ ಚರ್ಮವೂ ಕಿತ್ತು ಬರುತ್ತದೆ. ವಿದೇಶದ ನವೀನ ಹೊದಿಕೆಗಳು ಬಡವರ ಕೈಗೆ ಎಟುಕವು. 1980ರ ದಶಕದಲ್ಲಿ ಮುಂಬಯಿಯ ವೈದ್ಯ ಕೇಸ್ವಾನಿ ಅವರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಸುಟ್ಟ ಗಾಯಕ್ಕೆ ಹೊದಿಸಿ ನೋಡಿದ್ದರು. ಆ ಬಳಿಕ ಸಯನ್ ಆಸ್ಪತ್ರೆಯ ಮಾಧುರಿ ಗೋರೆ ಮತ್ತು ದಿಲೀಪ್ ಅಕೋಲೇಕರ್ ಬಾಳೆಯೆಲೆಯನ್ನು ಆರಿಸಿಕೊಂಡರು. ಅವರ ಲೇಖನಗಳು 2003ರಲ್ಲಿ ಸುಟ್ಟಗಾಯ ಚಿಕಿತ್ಸೆಗೇ ಮೀಸಲಾದ ‘ಬರ್ನ್ಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾದವು. ವ್ಯಾಸಲೀನ್ ಸವರಿದ ಬಟ್ಟೆಯೊಡನೆ ಹೋಲಿಸಿದಾಗ ಎಲೆಯ ಹೊದಿಕೆ ಗಾಯಕ್ಕೆ ಅಂಟಲಿಲ್ಲ, ತೆಗೆಯುವಾಗ ನೋವು ತೀರ ಕಡಿಮೆ, ಬೆಲೆಯಂತೂ ಹೆಸರಿಗಷ್ಟೇ.

ಈ ಪ್ರಯೋಗದ ಒಂದು ವಿವರವನ್ನು ನಾನು ಒತ್ತಿ ಹೇಳಬಯಸುತ್ತೇನೆ. ಆಸ್ಪತ್ರೆಯವರು ಎಲೆಯನ್ನು ತೋಟದಿಂದ ತಂದು ನೇರವಾಗಿ ಗಾಯದ ಮೇಲೆ ಇಡಲಿಲ್ಲ. ಶಸ್ತ್ರಗಳನ್ನು ಶುದ್ಧಿಮಾಡುವ ಆಟೋಕ್ಲೇವಿನಲ್ಲಿ, ಒತ್ತಡದ ಹಬೆಯಲ್ಲಿ ಅದನ್ನು ಬೇಯಿಸಿ, ಇದ್ದಬದ್ದ ಸೂಕ್ಷ್ಮಾಣುಗಳನ್ನೆಲ್ಲ ಕೊಂದು, ಆಮೇಲೆ ಬಳಸಿದರು. ರೋಗಾಣುಗಳನ್ನು ಕೊಲ್ಲುವ ಕೆಲಸವನ್ನು ಅವರು ಎಲೆಗೆ ಒಪ್ಪಿಸಲಿಲ್ಲ, ಹಬೆಗೆ ಒಪ್ಪಿಸಿದರು. ಎಲೆಯಿಂದ ಅವರು ಬಯಸಿದ್ದು ಅದರ ಮೈಮೇಲಿನ ಮೇಣದ ನುಣುಪು, ತಂಪು, ಅಗಲ. ಮನೆಯಲ್ಲಿ ಯಾರಿಗಾದರೂ ಸುಟ್ಟರೆ ಹಿತ್ತಲಿನ ಎಲೆ ಕಿತ್ತು ಕಟ್ಟಿಬಿಡಬಹುದೆಂದು ಈ ಸುದ್ದಿಯನ್ನು ಓದಿದವರು ತಿಳಿಯಬಾರದು. ಮಣ್ಣಿನ ಧೂಳು, ಹಕ್ಕಿಯ ಹಿಕ್ಕೆ, ಹುಳುವಿನ ಮೊಟ್ಟೆ ಎಲ್ಲವೂ ಎಲೆಯ ಮೇಲಿರುತ್ತವೆ. ಸುಟ್ಟೊಡನೆ ಮಾಡಬೇಕಾದ್ದು ಗಾಯಕ್ಕೆ ಬಹಳ ಹೊತ್ತು ತಣ್ಣೀರು ಬಿಡುವುದು, ಆಮೇಲೆ ಆಸ್ಪತ್ರೆಗೆ ಒಯ್ಯುವುದು.

ಹಾಗಾದರೆ ಬಾಳೆಯಲ್ಲಿ ಸೂಕ್ಷ್ಮಾಣುಗಳನ್ನು ಎದುರಿಸುವ ಶಕ್ತಿಯೇ ಇಲ್ಲವೆ? ಇದೆ. ಆದರೆ ಆ ಶಕ್ತಿಯನ್ನು ಬಾಳೆ ಗಳಿಸಿಕೊಂಡದ್ದು ತನ್ನ ಸಲುವಾಗಿ, ನಮ್ಮ ಸಲುವಾಗಿ ಅಲ್ಲ. ಓಡಲಾರದ, ಚಿಪ್ಪಿಲ್ಲದ, ನೀರು ತುಂಬಿದ ಮೆದುಮೈಯ ಗಿಡ ಇದು. ಶಿಲೀಂಧ್ರ, ಬ್ಯಾಕ್ಟೀರಿಯ, ಬೇರು ಕೊರೆಯುವ ಜಂತುಹುಳು ಎಲ್ಲಕ್ಕೂ ಸುಲಭದ ತುತ್ತು. ಒಗರಾದ ಟ್ಯಾನಿನ್ನುಗಳು ಅದರ ಮೊದಲ ಕಾವಲು. ಗಾಯವಾದೊಡನೆ ಅಥವಾ ಶತ್ರು ಹೊಕ್ಕೊಡನೆ ಬಾಳೆ ತನ್ನೊಳಗೆ ವಿಶೇಷ ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತದೆ. ಫಿನೈಲ್‌ಫಿನಲೆನೋನ್ ಎಂಬುದು ಅವುಗಳ ಕುಲನಾಮ. 2014ರಲ್ಲಿ ಜರ್ಮನಿಯ ಯೇನಾ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ಒಂದು ಅಧ್ಯಯನ ನಮ್ಮ ರೈತರಿಗೆ ನೇರವಾಗಿ ಸಂಬಂಧಪಟ್ಟದ್ದು. ಬೇರು ಕೊರೆಯುವ ಹುಳುವಿಗೆ ಮಣಿಯದ ಒಂದು ತಳಿಯನ್ನೂ ಮಣಿಯುವ ಒಂದು ತಳಿಯನ್ನೂ ಅವರು ಅಕ್ಕಪಕ್ಕ ಬೆಳೆಸಿದರು. ಮಣಿಯದ ತಳಿ ಹುಳು ಕಚ್ಚಿದ ಜಾಗದಲ್ಲಿಯೇ ಅನಿಗೋರೂಫೋನ್ ಎಂಬ ವಿಷವನ್ನು ಹೆಚ್ಚಾಗಿ ಕೂಡಿಹಾಕಿತು. ಆ ವಿಷ ಹುಳುವಿನ ಮೈಯೊಳಗಿನ ಕೊಬ್ಬಿನ ಹನಿಗಳಲ್ಲಿ ಸೇರಿ ಅದನ್ನು ಕೊಂದಿತು. ಸೋತ ತಳಿಯ ಹೆಸರು ಗ್ರ್ಯಾಂಡ್ ನೈನ್. ಜುರಾಲಾ ಕಾಲುವೆಯ ಬದಿಯ ರೈತರಿಗೆ ಅದು ಬೇರೆ ಹೆಸರಿನಲ್ಲಿ ಪರಿಚಿತ: ಅಂಗಾಂಶ ಕೃಷಿಯ ಸಸಿಯಾಗಿ ನರ್ಸರಿಗಳಿಂದ ಬರುವ ಜಿ-9. ಗೊನೆ ದೊಡ್ಡದು, ಕಾಯಿ ಒಂದೇ ಸಮ, ಲಾರಿಗೆ ತಕ್ಕದ್ದು. ತನ್ನನ್ನು ತಾನು ಕಾಪಾಡಿಕೊಳ್ಳುವ ವಿದ್ಯೆಯಲ್ಲಿ ಮಾತ್ರ ಬಡವಿ.

ಪ್ರಯೋಗಶಾಲೆಗಳಲ್ಲಿ ಬಾಳೆಯ ಸಿಪ್ಪೆ, ಎಲೆ, ಹೂವು, ಕಂಬದ ರಸ ಇವುಗಳ ಸಾರವನ್ನು ಮದ್ಯಸಾರದಲ್ಲಿ ಇಳಿಸಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಗಳ ಮೇಲೆ ಹಾಕಿ, ಎಷ್ಟಗಲದ ಸುತ್ತಿನಲ್ಲಿ ಅವು ಬೆಳೆಯದೆ ನಿಂತವೆಂದು ಅಳೆಯುವ ಅಧ್ಯಯನಗಳು ಅನೇಕ ನಡೆದಿವೆ. ಕೆಲವು ಬ್ಯಾಕ್ಟೀರಿಯಗಳ ಮೇಲೆ ಪರಿಣಾಮ ಕಂಡಿದೆ. ಆದರೆ ಗಂಟೆಗಟ್ಟಲೆ ಮದ್ಯಸಾರದಲ್ಲಿ ನೆನೆಸಿ, ಬತ್ತಿಸಿ, ಗಟ್ಟಿಮಾಡಿದ ಸಾರಕ್ಕೂ ಹತ್ತು ನಿಮಿಷ ಬಿಸಿ ಅನ್ನ ಹೊತ್ತ ಎಲೆಗೂ ಅಜಗಜಾಂತರ. ಮೊಬೈಲಿನ ಸಂದೇಶ ಈ ಅಂತರವನ್ನು ನುಂಗಿಹಾಕುತ್ತದೆ. ಹಣ್ಣಿನ ಕಥೆಯೂ ಹಾಗೆಯೇ. ಬಾಳೆಹಣ್ಣಿನಲ್ಲಿರುವ ಬ್ಯಾನ್‌ಲೆಕ್ ಎಂಬ ಪ್ರೋಟೀನು ಎಚ್‌ಐವಿ ವೈರಸ್ಸಿನ ಮೈಮೇಲಿನ ಸಕ್ಕರೆಯ ಕೊಂಡಿಗಳಿಗೆ ಅಂಟಿ ಅದನ್ನು ಕಟ್ಟಿಹಾಕುತ್ತದೆಂದು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು 2010ರಲ್ಲಿ ತೋರಿಸಿದರು. ಅದೇ ಪ್ರೋಟೀನು ನಮ್ಮ ರಕ್ಷಣಾಕೋಶಗಳನ್ನು ಅನಗತ್ಯವಾಗಿ ಕೆರಳಿಸುತ್ತಿತ್ತು. ಅದರ ಸರಪಣಿಯಲ್ಲಿ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿ ಆ ದೋಷವನ್ನು ಬಹುಮಟ್ಟಿಗೆ ನೀಗಿದ ವರದಿ 2015ರಲ್ಲಿ ಬಂತು. ಅದು ಪ್ರಯೋಗಶಾಲೆಯ ಸಾಧನೆ. ದಿನಕ್ಕೆ ಎರಡು ಬಾಳೆಹಣ್ಣು ತಿಂದರೆ ಸಿಗುವ ಫಲವಲ್ಲ.

ಬಾಳೆಯ ಕಾವಲು ಎಷ್ಟು ದುರ್ಬಲವಾಗಬಲ್ಲುದೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ನೋವಿನ ಉದಾಹರಣೆಯಿದೆ. ನಂಜನಗೂಡಿನ ರಸಬಾಳೆಯ ಕಂಪನ್ನು ಹಳೆಯ ಮೈಸೂರಿನವರು ಇಂದಿಗೂ ನೆನೆಯುತ್ತಾರೆ. ಮಣ್ಣಿನಲ್ಲಿ ಅಡಗಿ ಬೇರಿನ ಮೂಲಕ ಹೊಕ್ಕು, ನೀರಿನ ನಾಳಗಳನ್ನು ಮುಚ್ಚಿ, ಗಿಡವನ್ನು ನಿಂತಲ್ಲಿಯೇ ಸೊರಗಿಸುವ ಫ್ಯುಸೇರಿಯಮ್ ಶಿಲೀಂಧ್ರ ಆ ತೋಟಗಳನ್ನು ಬರಿದು ಮಾಡಿತು. ಭೌಗೋಳಿಕ ಗುರುತಿನ ಮಾನ್ಯತೆ ದೊರೆಯುವ ಹೊತ್ತಿಗೆ ಆ ಬೆಳೆ ಕೆಲವೇ ಎಕರೆಗಳಿಗೆ ಇಳಿದಿತ್ತು. ಇದೇ ಕುಲದ ರೋಗ, ಪನಾಮಾ ಸೊರಗು ರೋಗವೆಂಬ ಹೆಸರಿನಲ್ಲಿ, 20ನೆಯ ಶತಮಾನದ ನಡುವೆ ಜಗತ್ತಿನ ರಫ್ತು ಮಾರುಕಟ್ಟೆಯಿಂದ ಗ್ರೋ ಮಿಶೆಲ್ ಎಂಬ ತಳಿಯನ್ನೇ ಅಳಿಸಿತು. ಅದರ ಜಾಗಕ್ಕೆ ಬಂದ ಕ್ಯಾವೆಂಡಿಶ್ ಗುಂಪಿನದೇ ಒಂದು ಕುಡಿ ನಮ್ಮ ಜಿ-9. ಈಗ ಕ್ಯಾವೆಂಡಿಶ್ಶನ್ನೂ ಕೆಡಹುವ ಹೊಸ ಪ್ರಭೇದ ಹುಟ್ಟಿದೆ. ಬಿಹಾರ, ಉತ್ತರ ಪ್ರದೇಶಗಳ ತೋಟಗಳಲ್ಲಿ ಕಾಣಿಸಿಕೊಂಡಿದೆ. ತಿರುಚಿನಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನ ಕೇಂದ್ರದವರು ಕಂದುಗಳನ್ನು ಒಂದೂರಿನಿಂದ ಇನ್ನೊಂದೂರಿಗೆ ಒಯ್ಯುವುದರ ಬಗ್ಗೆ ಎಚ್ಚರಿಸುತ್ತಿದ್ದಾರೆ. ಬೀಗರ ತೋಟದಿಂದ ಕಂದು ತಂದು ನೆಡುವ ನಮ್ಮ ಅಕ್ಕರೆಯ ರೂಢಿ ಇನ್ನು ಮುಂದೆ ಅಪಾಯದ್ದಾಗಬಹುದು. ನಮಗೆ ನೆರೆಯ ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆ ಈ ಕಾಲದವರೆಗೂ ತನ್ನ ಹೆಸರನ್ನು ಉಳಿಸಿಕೊಂಡಿದೆ. ಒಂದೇ ತಳಿಯನ್ನು ನೆಚ್ಚಿಕೊಳ್ಳದೆ ಊರೂರಿಗೆ ಬೇರೆ ಬೇರೆ ಬಾಳೆಯಿದ್ದ ಕಾಲದ ನೆನಪು ಅದು.

ನೇಕಾರರ ಊರುಗಳ ಮಾತು ಬಂದಾಗ ಬಾಳೆಯ ಕರೆಯನ್ನು ಮರೆಯುವಂತಿಲ್ಲ. ಬಾಳೆಯ ರಸ ಬಟ್ಟೆಗೆ ತಗುಲಿದರೆ ಮೊದಲು ಕಾಣುವುದಿಲ್ಲ. ಗಾಳಿ ಸೋಕಿದಂತೆ ಕಂದು ಬಣ್ಣಕ್ಕೆ ತಿರುಗಿ ಯಾವ ಸಾಬೂನಿಗೂ ಬಗ್ಗುವುದಿಲ್ಲ. ಬಾಳೆ ಕಡಿಯುವಾಗ ಹಳೆಯ ಪಂಚೆ ಉಡುವುದು, ಗೊನೆಯ ಹತ್ತಿರ ನಾರಾಯಣಪೇಟೆಯ ಹೊಸ ಸೀರೆ ಸುಳಿಯದಂತೆ ನೋಡಿಕೊಳ್ಳುವುದು ಇದಕ್ಕಾಗಿಯೇ. ಗಿಡಕ್ಕೆ ಕಾವಲಾಗಿರುವ ಅದೇ ಒಗರು ಪದಾರ್ಥಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಈ ಕರೆಯಾಗುತ್ತವೆ. ಹೆಂಗಸರ ಪಾಲಿಗೆ ಶಾಪವಾಗಿದ್ದ ಈ ರಸವನ್ನು ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನ ಸಂಸ್ಥೆಯವರು ಹತ್ತಿಬಟ್ಟೆಗೆ ಬೇಕೆಂದೇ ಹಿಡಿಸಿ, ಬೆಂಕಿ ಬೇಗ ಹತ್ತದ ಬಟ್ಟೆಯನ್ನು ತಯಾರಿಸಿ ತೋರಿಸಿದ್ದಾರೆ. ಗೊನೆ ಕಡಿದ ಮೇಲೆ ಹೊಲದ ಬದುವಿನಲ್ಲಿ ಕೊಳೆಯುವ ಕಂಬಗಳಿಗೂ ಮಗ್ಗಗಳಿಗೂ ನಮ್ಮ ಜಿಲ್ಲೆಗಳಲ್ಲಿ ಇರುವ ದೂರ ಕೆಲವೇ ಮೈಲಿ. ಹೂವಿನ ಜೊತೆ ನಾರೂ ಸ್ವರ್ಗ ಸೇರಿತೆಂಬ ಗಾದೆಯನ್ನು ಕಟ್ಟಿದವರಿಗೆ ಈ ಸುದ್ದಿ ಆಶ್ಚರ್ಯ ತರುತ್ತಿರಲಿಲ್ಲವೇನೋ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. ಆಡಳಿತದ ಗೆರೆ ಬದಲಾಯಿತು. ಅಡುಗೆಮನೆಯ ಗೆರೆ ಬದಲಾಗಲಿಲ್ಲ. ಉತ್ತನೂರಿನ ಗೋಪಾಲದಾಸರ ಕನ್ನಡ ಪದಗಳನ್ನು ಹಾಡುವ ಮನೆಗಳಲ್ಲಿಯೇ ತೆಲುಗಿನ ಮಾತೂ ನಡೆಯಿತು. ಕಾರ್ತಿಕ ಮಾಘಗಳಲ್ಲಿ ಪಂಡಿತರನ್ನು ಕರೆಸಿ ಸನ್ಮಾನಿಸುತ್ತಿದ್ದುದರಿಂದ ‘ವಿದ್ವದ್ಗದ್ವಾಲ’ ಎಂದು ಹೆಸರಾದ ಸಂಸ್ಥಾನ ಇದು. ಆ ಸಭೆಗಳ ಸಂತರ್ಪಣೆಯಲ್ಲಿ ಸಂಸ್ಕೃತ, ತೆಲುಗು, ಕನ್ನಡದ ವಿದ್ವಾಂಸರು ವಾದಗಳನ್ನು ಬದಿಗಿಟ್ಟು ಎಲೆಯ ಮುಂದೆ ಕುಳಿತ ಚಿತ್ರವನ್ನು ನಾನು ಕಲ್ಪಿಸಿಕೊಳ್ಳಬಲ್ಲೆ.

ಇಂದು ನೀರು ಬಂದಿದೆ, ಅನ್ನ ದಿನನಿತ್ಯದ್ದಾಗಿದೆ, ಬಾಳೆಯ ತೋಟಗಳೂ ಎದ್ದಿವೆ. ವಿಚಿತ್ರವೆಂದರೆ, ಎಲೆ ಸುಲಭವಾಗಿ ಸಿಗುವ ಈ ಕಾಲದಲ್ಲಿಯೇ ಪಂಕ್ತಿಯಿಂದ ಅದು ಮರೆಯಾಗುತ್ತಿದೆ. ಕಲ್ಯಾಣಮಂಟಪಗಳಲ್ಲಿ ಈಗ ಹಾಸುವುದು ಕಾಗದದ ಎಲೆ. ಮೇಲೆ ಬಾಳೆಯ ಹಸಿರು ಬಣ್ಣ, ನಡುವೆ ದಂಟಿನ ಗೆರೆ, ಅಂಚಿನಲ್ಲಿ ಸೀಳುಗಳು ಸಹ ಅಚ್ಚಾಗಿರುತ್ತವೆ. ಸಾರು ಸೋರದಿರಲೆಂದು ತೆಳುವಾದ ಪ್ಲಾಸ್ಟಿಕ್ಕಿನ ಪೊರೆಯಿರುತ್ತದೆ. ಕೆಲವೆಡೆ ಅದರ ಮೇಲೂ ನೀರು ಚಿಮುಕಿಸಿ ಸವರುವುದನ್ನು ಕಂಡಿದ್ದೇನೆ. ಕೈಗೆ ಅಭ್ಯಾಸ ಬಿಡದು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ದೇಶದಲ್ಲಿ ನಿಷೇಧ ಬಂದಿದೆಯಾದರೂ ಈ ಕಾಗದದ ಎಲೆಯ ಕಟ್ಟುಗಳು ಅಂಗಡಿಗಳಲ್ಲಿ ತೂಗಾಡುತ್ತಲೇ ಇವೆ. ಬಾಳೆಯೆಲೆಯನ್ನೇ ತರಿಸುವವರೂ ಒಂದು ಮಾತನ್ನು ನೆನಪಿಡಬೇಕು. ದೂರದ ತೋಟದಿಂದ ಕಟ್ಟು ಕಟ್ಟಿಕೊಂಡು ಬಂದು ಒಂದೆರಡು ದಿನ ಕಳೆದ ಎಲೆಯನ್ನು ಎರಡೂ ಬದಿ ಒಳ್ಳೆಯ ನೀರಿನಲ್ಲಿ ತೊಳೆದು ಒರಸಬೇಕು. ಪಂಕ್ತಿಯಲ್ಲಿ ಚಿಮುಕಿಸುವ ನಾಲ್ಕು ಹನಿ ಸಾಲದು, ಮತ್ತು ಆ ಹನಿ ಕುಡಿಯಲು ತಕ್ಕ ನೀರಾಗಿರಬೇಕು. ಮುತ್ತಲದ ಪತ್ರಾವಳಿಯನ್ನು ಹಚ್ಚುವ ಕೈಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿವೆ; ಹಬ್ಬಕ್ಕೆ ನಾಲ್ಕು ಕಟ್ಟು ಕೊಂಡರೆ ಅವರ ಮನೆಯಲ್ಲಿಯೂ ಹಬ್ಬ.

ಹಿಂದೆ ಪಂಕ್ತಿ ಎದ್ದ ಮೇಲೆ ಉಂಡ ಎಲೆಗಳನ್ನು ಬುಟ್ಟಿಯಲ್ಲಿ ತುಂಬಿ ಹಿತ್ತಲಿಗೆ ಒಯ್ದರೆ ದನಗಳು ಕಾದು ನಿಂತಿರುತ್ತಿದ್ದವು. ಬೆಳಗಾಗುವಷ್ಟರಲ್ಲಿ ಎಲೆಯ ಗುರುತೂ ಇರುತ್ತಿರಲಿಲ್ಲ. ಕಲ್ಯಾಣಮಂಟಪದ ಹಿಂಬದಿಯಲ್ಲಿ ಇಂದಿಗೂ ದನಗಳು ಕಾಯುತ್ತವೆ. ಸಾರಿನ ರುಚಿ ಹತ್ತಿದ ಕಾಗದದ ಎಲೆಯನ್ನೂ ಅವು ಹಳೆಯ ನಂಬಿಕೆಯಿಂದಲೇ ಮೇಯುತ್ತವೆ.